ಜರ್ಮನಿಗೆ ಪ್ರವಾಸ ಹೊರಟಿದ್ದೀರಾ? ಈ ಲೆಕ್ಕ ನೋಡಿಕೊಂಡು ಹೊರಡಿ

ಗಲ್ಫ್‌ನಲ್ಲಿ ದುಡಿಯುವ ನಮಗೆಲ್ಲ ರಜೆ ಅಂದರೆ ಮೊದಲು ನೆನಪಾಗುವುದು ಊರು. ಅಪ್ಪ ಅಮ್ಮನ ಆರೋಗ್ಯ, ತಂಗಿಯ ಮದುವೆ, ಮನೆ ರಿಪೇರಿ, ಬ್ಯಾಂಕಿನ ಕೆಲಸ ಅಂತ ಮೂವತ್ತು ದಿನ ಅಲ್ಲೇ ಕರಗಿಹೋಗುತ್ತದೆ. ಆದರೆ ಈಚೆಗೆ ನಮ್ಮವರಲ್ಲೂ ಒಂದು ವರ್ಷ ಊರು, ಇನ್ನೊಂದು ವರ್ಷ ಮಕ್ಕಳಿಗೆ ಬೇರೊಂದು ದೇಶ ತೋರಿಸೋಣ ಅನ್ನುವ ಅಭ್ಯಾಸ ಶುರುವಾಗಿದೆ. ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂರು ಕುಟುಂಬದವರು ಸೇರಿ ಜರ್ಮನಿಗೆ ಹೋಗಿ ಬಂದೆವು. ಬಂದಾಗಿನಿಂದ "ವೀಸಾ ಹೇಗಾಯ್ತು?", "ಊಟಕ್ಕೆ ಏನು ಮಾಡಿದ್ರಿ?", "ಎಷ್ಟು ಖರ್ಚಾಯ್ತು?" ಅಂತ ಕೇಳುವವರೇ ಹೆಚ್ಚು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆದುಬಿಡೋಣ ಅನ್ನಿಸಿತು.

ನೋಡುವ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾವು ಹೇಳಹೊರಟಿರುವುದು ಅದನ್ನಲ್ಲ. ದುಬೈ ಮೆಟ್ರೋದಲ್ಲಿ ಕಾರ್ಡ್ ತಾಗಿಸದಿದ್ದರೆ ಗೇಟು ತೆರೆಯುವುದೇ ಇಲ್ಲ, ತಪ್ಪು ಮಾಡಲು ಅವಕಾಶವೇ ಇಲ್ಲ. ಜರ್ಮನಿಯ ಮೆಟ್ರೋದಲ್ಲಿ ಗೇಟೇ ಇಲ್ಲ. ರೈಲಿಗೆ ಮಾತ್ರ ಅಲ್ಲ, ಅಲ್ಲಿನ ಬದುಕೇ ಹೆಚ್ಚುಕಡಿಮೆ ಹೀಗೆ. ನಿಮಗೆ ನಿಯಮ ಗೊತ್ತಿದೆ, ನೀವು ಪಾಲಿಸುತ್ತೀರಿ ಅಂತ ನಂಬಿ ಬಾಗಿಲು ತೆರೆದಿಟ್ಟಿರುತ್ತಾರೆ. ಆ ನಂಬಿಕೆ ಕೆಟ್ಟರೆ "ನಾವು ಹೊಸಬರು, ಗೊತ್ತಿರಲಿಲ್ಲ" ಅಂದರೂ ನಡೆಯುವುದಿಲ್ಲ. ದಂಡ ಯೂರೊದಲ್ಲಿ ಕಟ್ಟಬೇಕು. ಅದಕ್ಕೇ ಹೊರಡುವ ಮೊದಲೇ ನಾಲ್ಕು ವಿಷಯ ತಿಳಿದಿದ್ದರೆ ದುಡ್ಡೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ವೀಸಾ: ಬ್ಯಾಂಕ್ ಸ್ಟೇಟ್‌ಮೆಂಟೇ ನಿಮ್ಮ ಸಾಕ್ಷಿ

ಜರ್ಮನಿಗೆ ಬೇಕಾದದ್ದು ಶೆಂಗೆನ್ ವೀಸಾ. ನಾವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು, ಅದಕ್ಕಾಗಿ ಊರಿಗೆ ಹೋಗಬೇಕಾಗಿಲ್ಲ. ಹಲವು ದೇಶ ಸುತ್ತುವುದಾದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ. "ಆ ದೇಶದ್ದು ಬೇಗ ಸಿಗುತ್ತೆ" ಅಂತ ಯಾರೋ ಹೇಳಿದರು ಅಂತ ಅಲ್ಲಿ ಹಾಕಿ, ಹೋಟೆಲ್ ಎಲ್ಲ ಜರ್ಮನಿಯಲ್ಲಿ ಮಾಡಿದರೆ ಅನುಮಾನ ಬರುವುದು ಸಹಜ.

ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಪಕ್ಷ 15 ದಿನ ಮುಂಚೆ ಹಾಕಿರಬೇಕು. ಶಾಲೆ ರಜೆಯ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜುಲೈನಲ್ಲಿ ಹೋಗುವವರು ಫೆಬ್ರವರಿ, ಮಾರ್ಚ್‌ನಲ್ಲೇ ಕೂತು ನೋಡಬೇಕು. ದುಡ್ಡಿಗೆ ಸ್ಲಾಟ್ ಮಾರುವವರ ಹತ್ತಿರ ಹೋಗಬೇಡಿ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, 6 ವರ್ಷದೊಳಗಿನವರಿಗೆ ಇಲ್ಲ. ಗಂಡ, ಹೆಂಡತಿ, 8 ವರ್ಷದ ಮಗಳು, 4 ವರ್ಷದ ಮಗ ಇದ್ದರೆ 90 + 90 + 45 = 225 ಯೂರೊ. ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. ವೀಸಾ ಸಿಗದಿದ್ದರೆ ಇದರಲ್ಲಿ ಒಂದು ಕಾಸೂ ವಾಪಸ್ ಬರುವುದಿಲ್ಲ.

ಮೊದಲೆಲ್ಲ ವೀಸಾ ನಿರಾಕರಿಸಿದರೆ ಜರ್ಮನ್ ದೂತಾವಾಸಕ್ಕೇ ಮರುಪರಿಶೀಲನೆಯ ಪತ್ರ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ಪದ್ಧತಿಯನ್ನೇ ಅವರು ತೆಗೆದುಹಾಕಿದ್ದಾರೆ. ಈಗ ಇರುವುದು ಎರಡೇ ದಾರಿ: ಮತ್ತೆ ದುಡ್ಡು ಕಟ್ಟಿ ಹೊಸ ಅರ್ಜಿ ಹಾಕುವುದು, ಇಲ್ಲಾಂದ್ರೆ ಬರ್ಲಿನ್ ಕೋರ್ಟಿಗೆ ಹೋಗುವುದು. ಎರಡನೆಯದು ನಮ್ಮಂಥವರಿಗೆ ಆಗುವ ಮಾತಲ್ಲ. ಆದ್ದರಿಂದ ಮೊದಲನೇ ಸಲವೇ ಕಾಗದ ಸರಿಯಾಗಿರಬೇಕು.

ಲೆಕ್ಕ ಬರೆಯುವುದೇ ನಮ್ಮ ಕಸುಬಾದ್ದರಿಂದ ಈ ಮಾತು ಸ್ವಲ್ಪ ಒತ್ತಿ ಹೇಳುತ್ತೇವೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಬ್ಯಾಲೆನ್ಸ್ ಎಷ್ಟಿದೆ ಅನ್ನುವುದಷ್ಟೇ ಮುಖ್ಯ ಅಂತ ಬಹಳ ಜನ ತಿಳಿದಿದ್ದಾರೆ. ಅರ್ಜಿಗೆ ವಾರ ಮುಂಚೆ ಗೆಳೆಯರ ಹತ್ತಿರ ಕೈಸಾಲ ತಂದು ಹತ್ತು ಸಾವಿರ ದಿರ್ಹಂ ತುಂಬಿಸುತ್ತಾರೆ. ಸ್ಟೇಟ್‌ಮೆಂಟ್ ಓದಲು ಬರುವವನಿಗೆ ಅದು ಒಂದೇ ನೋಟಕ್ಕೆ ಕಾಣುತ್ತದೆ. ತಿಂಗಳು ತಿಂಗಳು ಸಂಬಳ ಜಮೆಯಾಗಿರುವುದು, ಬಾಡಿಗೆ ಹೋಗಿರುವುದು, ಊರಿಗೆ ಕಳಿಸಿರುವುದು, ಅದರ ಮೇಲೆ ಸ್ವಲ್ಪ ಸ್ವಲ್ಪ ಉಳಿದಿರುವುದು ಕಾಣಬೇಕು. ಸಂಬಳ ಸಣ್ಣದಾದರೂ ಪರವಾಗಿಲ್ಲ, ಪ್ರವಾಸದ ಖರ್ಚು ಅದಕ್ಕೆ ಹೊಂದಬೇಕು. ನಾಲ್ಕು ಸಾವಿರ ಸಂಬಳದವರು ಹದಿನೈದು ದಿನ ದೊಡ್ಡ ಹೋಟೆಲ್ ಬುಕಿಂಗ್ ತೋರಿಸಿದರೆ ಯಾರು ನಂಬುತ್ತಾರೆ?

ಜೊತೆಗೆ ಕಂಪನಿಯ ಎನ್‌ಒಸಿ ಪತ್ರ ಬೇಕು. ಅದರಲ್ಲಿ ಹುದ್ದೆ, ಸಂಬಳ, ಸೇರಿದ ದಿನಾಂಕ, ರಜೆಯ ದಿನಾಂಕಗಳು ಇರಬೇಕು. ರೆಸಿಡೆನ್ಸ್ ವೀಸಾ ವಾಪಸ್ ಬಂದ ಮೇಲೂ ಮೂರು ತಿಂಗಳಾದರೂ ಚಾಲ್ತಿಯಲ್ಲಿರಲಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಖಾಲಿ ಪುಟ ಇರಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ನಮ್ಮವರಿಗೆ ಇನ್ನೊಂದು ತೊಡಕು ಹೆಸರಿನದು. ಇನಿಷಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುತ್ತದೆ, ಕೆಲವರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಇರುತ್ತದೆ. ಟಿಕೆಟ್, ವಿಮೆ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅದೇ ಅಕ್ಷರದಲ್ಲಿ ಬರೆಸಿ.

ಪೆಟ್ಟಿಗೆಗೆ ಏನು ಹಾಕಬೇಕು, ಏನು ಬೇಡ

ಯೂರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಂದರೆ ತುಪ್ಪದ ಡಬ್ಬಿ, ಪನೀರ್, ಖೋವಾ ಸಿಹಿ ಯಾವುದೂ ಬೇಡ. ಧಾರವಾಡ ಪೇಡ ಮನೆಯಲ್ಲೇ ಇರಲಿ. 2019ರ ಡಿಸೆಂಬರ್‌ನಿಂದ ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಾಗಾಗಿ ಕರಿಬೇವು, ಹಸಿಮೆಣಸಿನಕಾಯಿ ಕಟ್ಟಿಕೊಂಡು ಹೋಗಬೇಡಿ. ಐದಕ್ಕೆ ಮಾತ್ರ ಈ ಪ್ರಮಾಣಪತ್ರ ಬೇಡ: ಬಾಳೆಹಣ್ಣು, ಅನಾನಸ್, ತೆಂಗಿನಕಾಯಿ, ಖರ್ಜೂರ, ಡೂರಿಯನ್. ಗಲ್ಫಿನಿಂದ ಹೋಗುವವರಿಗೆ ಖರ್ಜೂರವೇ ಒಳ್ಳೆಯ ಉಡುಗೊರೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ರೆಡಿ ಮಿಕ್ಸ್, ಉಪ್ಪಿನಕಾಯಿ ನಮ್ಮ ಕೈ ಹಿಡಿದವು. ಹಾಲಿನ ಪುಡಿ ಹಾಕಿದ ಮಿಕ್ಸ್ ಇದೆಯಾ ಅಂತ ಮಾತ್ರ ಪ್ಯಾಕೆಟ್ ಹಿಂದೆ ಓದಿ ನೋಡಿ.

ಇಲ್ಲಿಯ ಮೂರು ಪಿನ್ನಿನ ಚಾರ್ಜರ್ ಅಲ್ಲಿ ಹೋಗುವುದಿಲ್ಲ. ಅಲ್ಲಿ ಎರಡು ದುಂಡು ಪಿನ್ನು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ಫೋನಿಗೆ ಇ-ಸಿಮ್ ಹೊರಡುವ ಮೊದಲೇ ಹಾಕಿಸಿಕೊಳ್ಳುವುದು ಸುಲಭ. ಬಾತ್‌ರೂಮಿನಲ್ಲಿ ನಮಗೆ ಅಭ್ಯಾಸವಾದ ಕೈಪಿಚಕಾರಿ ಇರುವುದಿಲ್ಲ, ಕಾಗದ ಮಾತ್ರ. ಒಂದು ಖಾಲಿ ಬಾಟಲಿ ಚೀಲದಲ್ಲಿ ಇರಲಿ, ನಾಚಿಕೆಪಡುವ ವಿಷಯವಲ್ಲ.

ಬೇಸಿಗೆ ಅಂತ ತೆಳು ಬಟ್ಟೆ ಮಾತ್ರ ಒಯ್ಯಬೇಡಿ. ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಮೂರೂ ಆಗುತ್ತದೆ. ಇನ್ನೊಂದು ಕಡೆ, ಬಹಳಷ್ಟು ಹೋಟೆಲುಗಳಲ್ಲಿ ಎಸಿ ಇರುವುದಿಲ್ಲ. ವರ್ಷವಿಡೀ ಎಸಿಯಲ್ಲಿ ಮಲಗುವ ನಮ್ಮ ಮಕ್ಕಳಿಗೆ ಮೊದಲ ಎರಡು ರಾತ್ರಿ ಅದೇ ದೊಡ್ಡ ಫಜೀತಿ ಆಯಿತು. ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಗೇಟಿಲ್ಲದ ರೈಲು

ಮ್ಯೂನಿಕ್ ಇರಲಿ, ಬರ್ಲಿನ್ ಇರಲಿ, ನೆಲದಡಿ ರೈಲಿಗೆ ನೇರ ಇಳಿದು ಹತ್ತಿಬಿಡಬಹುದು. ಯಾರೂ ತಡೆಯುವುದಿಲ್ಲ. ಟಿಕೆಟ್ ತಗೊಂಡರೆ ಸಾಲದು, ಕಾಗದದ ಟಿಕೆಟ್ ಆಗಿದ್ದರೆ ಪ್ಲಾಟ್‌ಫಾರ್ಮಿಗೆ ಹೋಗುವ ಮೊದಲು ಅಲ್ಲಿರುವ ಸಣ್ಣ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಕೆಲವು ಟಿಕೆಟ್ ಮುದ್ರೆಯಾಗಿಯೇ ಬರುತ್ತವೆ, ಕೆಲವು ಬರುವುದಿಲ್ಲ. ಮುದ್ರೆ ಇಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಹತ್ತುತ್ತಾರೆ. ಸಿಕ್ಕಿಬಿದ್ದರೆ ತಲೆಗೆ 60 ಯೂರೊ. ನಮ್ಮ ಡಬ್ಬಿಯಲ್ಲೇ ಒಂದು ಪ್ರವಾಸಿ ದಂಪತಿ ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ, ಮುದ್ರೆ ಇಲ್ಲದ ಕಾರಣಕ್ಕೆ, 120 ಯೂರೊ ಕಟ್ಟಿದ್ದನ್ನು ಕಣ್ಣಾರೆ ನೋಡಿದೆವು. ಒಂದು ಕುಟುಂಬದ ಎರಡು ದಿನದ ಊಟದ ದುಡ್ಡು ಅದು. ಅಧಿಕಾರಿ ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ, ರಸೀದಿ ಹರಿದು ಕೊಟ್ಟು ಮುಂದೆ ಹೋದ.

ಒಂದೇ ತಿಂಗಳಲ್ಲಿ ಹಲವು ಊರು ಸುತ್ತುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಲಾಭ. 2023ರಲ್ಲಿ 49 ಯೂರೊಗೆ ಶುರುವಾದದ್ದು 2026ರ ಜನವರಿಯಿಂದ 63 ಯೂರೊ ಆಗಿದೆ. ದೇಶದ ಎಲ್ಲ ಊರಿನ ಬಸ್, ಟ್ರಾಮ್, ಮೆಟ್ರೋ, ಪ್ರಾದೇಶಿಕ ರೈಲು ಇದರಲ್ಲಿ ಬರುತ್ತದೆ. ವೇಗದ ಐಸಿಇ, ಐಸಿ ರೈಲು ಬರುವುದಿಲ್ಲ. ಇದು ತಿಂಗಳ ಚಂದಾ ಲೆಕ್ಕ, ತಾನಾಗೇ ಮುಂದುವರಿಯುತ್ತದೆ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಕಾರ್ಡಿನಿಂದ ಹೋಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ವೇಗದ ರೈಲಿಗೆ ಮುಂಚೆ ಬುಕ್ ಮಾಡಿದಷ್ಟೂ ಅಗ್ಗ. ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ಸಲ್ಲುತ್ತದೆ, ಸೀಟ್ ರಿಸರ್ವೇಶನ್‌ಗೆ ಬೇರೆ ದುಡ್ಡು. 6ರಿಂದ 14 ವರ್ಷದ ಮಕ್ಕಳು ತಂದೆ ತಾಯಿ ಜೊತೆ ಉಚಿತ, ಆದರೆ ಅವರ ಸಂಖ್ಯೆಯನ್ನು ಬುಕ್ ಮಾಡುವಾಗಲೇ ಟಿಕೆಟಿನಲ್ಲಿ ಸೇರಿಸಿರಬೇಕು.

ಜರ್ಮನಿಯಲ್ಲಿ ಎಲ್ಲವೂ ಗಡಿಯಾರದ ಹಾಗೆ ನಡೆಯುತ್ತದೆ ಅಂತ ನಂಬಿ ಹೋದರೆ ರೈಲು ನಿಮಗೆ ನಿರಾಸೆ ಮಾಡುತ್ತದೆ. ತಡವಾಗುವುದು ಈಗ ಮಾಮೂಲು, ಅಲ್ಲಿಯವರೇ ಬೈದುಕೊಳ್ಳುತ್ತಾರೆ. ರೈಲು ಬದಲಿಸಬೇಕಾದಲ್ಲಿ ನಡುವೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ತಲುಪುವುದು ಒಂದು ಗಂಟೆ ತಡವಾದರೆ ಸಾಮಾನ್ಯವಾಗಿ ಟಿಕೆಟಿನ 25%, ಎರಡು ಗಂಟೆ ತಡವಾದರೆ 50% ವಾಪಸ್ ಕೇಳಬಹುದು. ಅರ್ಜಿ ಹಾಕಿದವರಿಗೆ ಮಾತ್ರ ಕೊಡುತ್ತಾರೆ, ಟಿಕೆಟ್ ಎಸೆಯಬೇಡಿ.

ಪಕ್ಕದ ಆಸ್ಟ್ರಿಯಾಕ್ಕೆ ಒಂದು ದಿನ ಹೋಗಿ ಬರುವವರು ಮೂಲ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ಶೆಂಗೆನ್ ಒಳಗೆ ಗಡಿಯೇ ಇಲ್ಲ ಅನ್ನುವುದು ಹಳೆ ಮಾತು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ. ರೈಲಿನೊಳಗೇ ಪೊಲೀಸರು ಬಂದು ಕೇಳುತ್ತಾರೆ.

ಭಾನುವಾರ ಅಂದರೆ ನಿಜವಾಗಿಯೂ ಭಾನುವಾರ

ರಾತ್ರಿ ಹನ್ನೊಂದಕ್ಕೂ ಹೈಪರ್‌ಮಾರ್ಕೆಟಿಗೆ ಹೋಗಿ ಅಭ್ಯಾಸವಾದ ನಮಗೆ ಇದು ದೊಡ್ಡ ಬದಲಾವಣೆ. ಭಾನುವಾರ ಅಂಗಡಿ, ಮಾಲ್, ಸೂಪರ್‌ಮಾರ್ಕೆಟ್ ಎಲ್ಲ ಬಂದ್. ಭಾನುವಾರದ ಬಿಡುವನ್ನು ಅವರು ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಹಾಲು, ಬ್ರೆಡ್, ಹಣ್ಣು, ಮಗುವಿನ ಡೈಪರ್ ಶನಿವಾರ ಸಂಜೆಯೊಳಗೆ ತಂದಿಡಿ. ತುರ್ತಿಗೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತವೆ, ಬೆಲೆ ಜಾಸ್ತಿ. ಹೋಟೆಲ್, ಮ್ಯೂಸಿಯಂ, ಉದ್ಯಾನ ತೆರೆದಿರುತ್ತವೆ, ಹಾಗಾಗಿ ಭಾನುವಾರವನ್ನು ಸುತ್ತಾಟಕ್ಕೆ ಇಟ್ಟುಕೊಳ್ಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತು ಭಾನುವಾರ ಇಡೀ ದಿನ, ಗಲಾಟೆ ಮಾಡುವಂತಿಲ್ಲ. ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಎಂಟು ಹತ್ತು ಜನ ಸೇರಿದರೆ ನಮ್ಮ ಮಾತು, ನಗು, ಅಂತ್ಯಾಕ್ಷರಿ ಹೇಗಿರುತ್ತೆ ಅಂತ ನಮಗೇ ಗೊತ್ತು. ಅಡುಗೆ ಮಾಡುವಾಗ ಇನ್ನೊಂದು ಎಚ್ಚರ. ಅಲ್ಲಿನ ಮನೆಗಳಲ್ಲಿ ಹೊಗೆ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ, ಎಣ್ಣೆ ಹೊಗೆಯಾಡಲು ಬಿಡಬೇಡಿ.

ಕಸವನ್ನೂ ಒಟ್ಟಿಗೆ ಎಸೆಯುವಂತಿಲ್ಲ. ಪ್ಲಾಸ್ಟಿಕ್ ಪ್ಯಾಕಿಂಗ್, ಕಾಗದ, ಅಡುಗೆ ಕಸ, ಉಳಿದದ್ದು ಅಂತ ಬೇರೆ ಬೇರೆ ಡಬ್ಬ ಇರುತ್ತದೆ. ಯಾವ ಬಣ್ಣದ್ದು ಯಾವುದಕ್ಕೆ ಅಂತ ಮನೆಯವರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಅಂಗಡಿ, ಬಾಟಲಿ, ಚಿಲ್ಲರೆ

ಕಾರ್ಡ್ ಒಂದನ್ನೇ ನಂಬಬೇಡಿ. ಸಣ್ಣ ಬೇಕರಿ, ತಿಂಡಿ ಅಂಗಡಿ, ಸಂತೆಯಲ್ಲಿ ಇವತ್ತಿಗೂ ನಗದು ಕೇಳುತ್ತಾರೆ. ಹತ್ತು, ಇಪ್ಪತ್ತರ ನೋಟು ಮತ್ತು ಚಿಲ್ಲರೆ ಇರಲಿ. ನಿಲ್ದಾಣದ ಶೌಚಾಲಯಕ್ಕೂ 50 ಸೆಂಟ್‌ನಿಂದ ಒಂದು ಯೂರೊ ಕೊಡಬೇಕು.

ಕುಡಿಯುವ ನೀರು, ಜ್ಯೂಸ್ ಬಾಟಲಿ ಕೊಂಡಾಗ ಬಿಲ್ಲಿನಲ್ಲಿ "ಫಾಂಟ್" ಅಂತ ಒಂದು ಸಾಲು ಕಾಣುತ್ತದೆ. ಅದು ಬಾಟಲಿಯ ಮೇಲಿನ ಠೇವಣಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್. ಖಾಲಿ ಬಾಟಲಿಯನ್ನು ಜಜ್ಜದೆ ಯಾವುದೇ ದೊಡ್ಡ ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ಅದನ್ನು ಕ್ಯಾಶ್ ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ನಾಲ್ಕು ಜನರ ಕುಟುಂಬ ದಿನಕ್ಕೆ ಆರು ಬಾಟಲಿಯಂತೆ ಎಂಟು ದಿನಕ್ಕೆ 48 ಬಾಟಲಿ, ಅಂದರೆ 12 ಯೂರೊ. ಮಕ್ಕಳಿಗೆ ಆ ಯಂತ್ರವೇ ಒಂದು ಆಟ. ಅದಕ್ಕಿಂತ ದೊಡ್ಡ ಉಳಿತಾಯ ಬೇಕಾದರೆ ನಲ್ಲಿ ನೀರನ್ನೇ ತುಂಬಿಸಿಕೊಳ್ಳಿ, ಕುಡಿಯಲು ಯೋಗ್ಯವಾಗಿರುತ್ತದೆ.

ಸೂಪರ್‌ಮಾರ್ಕೆಟಿನಲ್ಲಿ ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರಿಲ್ಲ. ಚೀಲ ನೀವೇ ಒಯ್ಯಬೇಕು, ಬೇಗ ಬೇಗ ತುಂಬಿಕೊಳ್ಳಬೇಕು. ಬೆಲ್ಟಿನ ಮೇಲೆ ನಿಮ್ಮ ಸಾಮಾನು ಮುಗಿದಲ್ಲಿ ಅಡ್ಡಪಟ್ಟಿ ಇಡಿ, ಹಿಂದಿನವರು ಅದಕ್ಕೇ ಕಾಯುತ್ತಿರುತ್ತಾರೆ.

ಊಟ: ಕೇಳಿ ತಿನ್ನಿ

ಸಸ್ಯಾಹಾರಿಗಳಿಗೆ ದೊಡ್ಡ ಊರುಗಳಲ್ಲಿ ತೊಂದರೆ ಇಲ್ಲ, ಫಲಾಫಲ್, ಪಿಜ್ಜಾ, ಚೀಸ್ ಹಾಕಿದ ಶ್ಪೆಟ್ಸ್ಲೆ ಸಿಗುತ್ತದೆ. ಆದರೆ "ವೆಜ್" ಅಂದುಕೊಂಡದ್ದೆಲ್ಲ ವೆಜ್ ಅಲ್ಲ. ದಕ್ಷಿಣ ಜರ್ಮನಿಯ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುವುದುಂಟು, ತರಕಾರಿ ಸೂಪಿಗೂ ಅಷ್ಟೇ. ಮಕ್ಕಳು ಇಷ್ಟಪಡುವ ಗಮ್ಮಿ ಮಿಠಾಯಿಯಲ್ಲಿ ಜೆಲಾಟಿನ್ ಇರುತ್ತದೆ, ಹೆಚ್ಚಾಗಿ ಹಂದಿಯದು. "ಓನೆ ಫ್ಲೈಷ್, ಓನೆ ಫಿಷ್" ಅಂದರೆ ಮಾಂಸ ಬೇಡ, ಮೀನು ಬೇಡ. ಮೊಟ್ಟೆಯೂ ಬೇಡ ಅಂದರೆ "ಓನೆ ಐ". ಪ್ಯಾಕೆಟಿನಲ್ಲಿ ವೀಗನ್ ಅಂತಿದ್ದರೆ ಚಿಂತೆ ಇಲ್ಲ. ಹಂದಿಗೆ "ಶ್ವೈನ್", ಹಂದಿಯ ಕೊಬ್ಬಿನ ತುಣುಕಿಗೆ "ಶ್ಪೆಕ್" ಅನ್ನುತ್ತಾರೆ. ಹಲಾಲ್ ಬೇಕಾದವರು ಟರ್ಕಿಯವರ ಅಂಗಡಿಗಳಲ್ಲಿ ವಿಚಾರಿಸಿ, ಎಲ್ಲ ಊರಲ್ಲೂ ಇವೆ.

ಹೋಟೆಲಿನಲ್ಲಿ ಕೂತ ತಕ್ಷಣ ನೀರಿನ ಲೋಟ ತಂದಿಡುವುದಿಲ್ಲ. ನೀರು ಕೇಳಿದರೆ ಗ್ಯಾಸ್ ತುಂಬಿದ ಬಾಟಲಿ ಬರುತ್ತದೆ, ಅದಕ್ಕೂ ಬಿಲ್ಲು. ಗ್ಯಾಸ್ ಬೇಡವಾದರೆ "ಶ್ಟಿಲೆಸ್ ವಾಸರ್" ಅನ್ನಬೇಕು. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವ ಪದ್ಧತಿ ಕಡಿಮೆ. ಬಿಲ್ಲು 37 ಯೂರೊ ಆದರೆ ಕಾರ್ಡ್ ಕೊಡುವಾಗಲೇ "40" ಅಂತ ಹೇಳಿಬಿಡಿ. ಐದರಿಂದ ಹತ್ತು ಪರ್ಸೆಂಟ್ ಸಾಕು. ಒಟ್ಟಿಗೆ ಕಟ್ಟುತ್ತೀರಾ, ಬೇರೆ ಬೇರೆಯಾ ಅಂತ ಅವರೇ ಕೇಳುತ್ತಾರೆ. ನಮ್ಮ ಹಾಗೆ "ನಾನು ಕೊಡ್ತೇನೆ, ನೀವು ಬಿಡಿ" ಅಂತ ಕೌಂಟರಿನಲ್ಲಿ ಎಳೆದಾಡಿದರೆ ಅವರಿಗೆ ಅರ್ಥವಾಗುವುದಿಲ್ಲ.

ನೀವು, ನೀನು ಮತ್ತು ನಡೆನುಡಿ

ಇಂಗ್ಲಿಷಿಗೆ ಇಲ್ಲದ ಒಂದು ಅನುಕೂಲ ಕನ್ನಡಿಗರಿಗೆ ಇದೆ. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ "ನೀವು" ಬೇರೆ, "ನೀನು" ಬೇರೆ. "ಝೀ" ಅಂದರೆ ನೀವು, "ಡೂ" ಅಂದರೆ ನೀನು. ಅಂಗಡಿಯವರಿಗೆ, ಪೊಲೀಸರಿಗೆ, ಪರಿಚಯವಿಲ್ಲದ ದೊಡ್ಡವರಿಗೆ ಯಾವಾಗಲೂ "ಝೀ". ಅವರೇ "ಡೂ" ಅನ್ನಿ ಅಂದರೆ ಸ್ನೇಹ ಬೆಳೆಯಿತು ಅಂತ ಅರ್ಥ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಸಣ್ಣ ಅಂಗಡಿಗೆ, ಡಾಕ್ಟರ ಕೋಣೆಗೆ, ಲಿಫ್ಟಿಗೆ ಹೋದಾಗ "ಹಲೋ" ಅಥವಾ "ಗೂಟನ್ ಟಾಗ್", ಮ್ಯೂನಿಕ್ ಕಡೆ "ಗ್ರ್ಯೂಸ್ ಗಾಟ್" ಅನ್ನಿ. ಹೊರಡುವಾಗ "ಚ್ಯೂಸ್". ಥ್ಯಾಂಕ್ಸ್‌ಗೆ "ಡಾಂಕೆ", ದಯವಿಟ್ಟು ಅನ್ನಲು "ಬಿಟ್ಟೆ". ಇಂಗ್ಲಿಷ್ ಶುರು ಮಾಡುವ ಮೊದಲು ಈ ಒಂದು ಮಾತು ಹೇಳಿದರೆ ಎದುರಿನ ಮುಖ ಸಡಿಲವಾಗುತ್ತದೆ.

ರಸ್ತೆಯಲ್ಲಿ ಒಂದು ಗಾಡಿ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಅದರಲ್ಲೂ ಮಕ್ಕಳು ಪಕ್ಕದಲ್ಲಿದ್ದಾಗ ದಾಟಿದರೆ ಯಾರಾದರೂ ಕೂಗಿ ಹೇಳುತ್ತಾರೆ. ದಂಡ ಬರೀ 5 ಯೂರೊ, ಆದರೆ ಆ ನೋಟವೇ ಸಾಕು. ಕಾಲುದಾರಿಯ ಪಕ್ಕದ ಸೈಕಲ್ ಪಟ್ಟಿಯ ಮೇಲೆ ನಿಂತು ಫೋಟೋ ತೆಗೆಯಬೇಡಿ, ಸೈಕಲ್ಲು ಜೋರಾಗಿ ಬರುತ್ತವೆ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ನಡೆಯುವವರಿಗೆ ಬಿಡಿ. ರೈಲಿನಲ್ಲಿ ಸ್ಪೀಕರ್ ಹಾಕಿ ಊರಿಗೆ ವಿಡಿಯೋ ಕಾಲ್ ಮಾಡಬೇಡಿ.

ಇಲ್ಲಿ ಒಂದು ಮಾತು. ಜರ್ಮನ್ನರು ತಪ್ಪು ಕಂಡರೆ ಮುಖದ ಮೇಲೆ ಹೇಳುತ್ತಾರೆ. ನಮಗೆ ಥಟ್ಟನೆ "ಕಪ್ಪು ಚರ್ಮ ನೋಡಿ ಬೈದ" ಅನ್ನಿಸಬಹುದು. ಸ್ವಲ್ಪ ಹೊತ್ತು ನಿಂತು ನೋಡಿದರೆ ಅದೇ ಮನುಷ್ಯ ತಮ್ಮವರಿಗೂ ಹಾಗೇ ಹೇಳುತ್ತಿರುತ್ತಾನೆ. "ಸಾರಿ" ಅಂದರೆ ಅಲ್ಲಿಗೆ ಮುಗಿಯಿತು. ಹಾಗಂತ ಜನಾಂಗದ ದ್ವೇಷವೇ ಇಲ್ಲ ಅಂತಲ್ಲ. ಕುಡಿದವರು, ಗುಂಪು ಕಟ್ಟಿಕೊಂಡವರು ಕೆಣಕಿದರೆ ವಾದಕ್ಕೆ ನಿಲ್ಲದೆ ಜನ ಇರುವ ಕಡೆ ಸರಿಯಿರಿ, ಬೇಕಾದರೆ 110ಕ್ಕೆ ಪೊಲೀಸರನ್ನು ಕರೆಯಿರಿ.

ಯಾರಾದರೂ ಮನೆಗೆ ಕರೆದರೆ ಹೇಳಿದ ಸಮಯಕ್ಕೆ ಹೋಗಿ. ಹುಟ್ಟುಹಬ್ಬಕ್ಕೆ ಮುಂಗಡ ಶುಭಾಶಯ ಹೇಳಬೇಡಿ, ಅದನ್ನು ಅಪಶಕುನ ಅನ್ನುತ್ತಾರೆ. ಈಜುಕೊಳದ ಪಕ್ಕದಲ್ಲಿರುವ ಸೌನಾಕ್ಕೆ ಗಂಡಸರು ಹೆಂಗಸರು ಒಟ್ಟಿಗೆ, ಬಟ್ಟೆ ಇಲ್ಲದೆ ಹೋಗುವುದು ಅಲ್ಲಿ ಸಾಮಾನ್ಯ. ಮಕ್ಕಳನ್ನು ಕರೆದುಕೊಂಡು ಬಾಗಿಲು ತೆಗೆಯುವ ಮುಂಚೆ ಇದು ಗೊತ್ತಿರಲಿ.

ಸ್ವಸ್ತಿಕ, ಫೋಟೋ, ಸ್ಮಾರಕ

ನಮಗೆ ಸ್ವಸ್ತಿಕ ಶುಭದ ಗುರುತು. ಜರ್ಮನಿಯಲ್ಲಿ ಆ ಆಕಾರ ಹಿಟ್ಲರನ ಗುರುತು. ನಾಜಿ ಚಿಹ್ನೆ ಪ್ರದರ್ಶಿಸುವುದು, ಕೈ ಮುಂದೆ ಚಾಚಿ ಸೆಲ್ಯೂಟ್ ಹೊಡೆಯುವುದು ದಂಡಸಂಹಿತೆಯ 86ಎ ಕಲಂ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ದಂಡ. ಆ ಕಾನೂನು ನಮ್ಮ ಧರ್ಮದ ಗುರುತಿನ ಮೇಲೆ ಮಾಡಿದ್ದಲ್ಲ. ಆದರೂ ಸರದ ಪದಕ, ಟೀ ಶರ್ಟ್, ಬ್ಯಾಗಿನ ಸ್ಟಿಕ್ಕರ್ ಹೊರಗೆ ಕಾಣುವ ಹಾಗಿದ್ದರೆ ರಸ್ತೆಯಲ್ಲಿ ನಿಂತು ಎಲ್ಲರಿಗೂ ವಿವರಿಸುವುದು ಆಗದ ಕೆಲಸ. ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ತಮಾಷೆಗೂ ಮಕ್ಕಳು ಆ ಸೆಲ್ಯೂಟ್ ಮಾಡದ ಹಾಗೆ ಮೊದಲೇ ಹೇಳಿಡಿ.

ಬರ್ಲಿನ್ನಿನ ಮಧ್ಯದಲ್ಲಿ ಕೊಲೆಯಾದ ಯಹೂದಿಗಳ ಸ್ಮಾರಕವಿದೆ, 2,711 ಕಾಂಕ್ರೀಟ್ ಕಂಬಗಳು, 2005ರಲ್ಲಿ ತೆರೆದದ್ದು. ಅದರ ಮೇಲೆ ಹತ್ತಿ ಹಾರುವುದು, ರೀಲ್ಸ್ ಮಾಡುವುದು ಬೇಡ. ಮ್ಯೂನಿಕ್ ಹತ್ತಿರದ ಡಾಹೌ, 1933ರಲ್ಲಿ ನಾಜಿಗಳು ತೆರೆದ ಸೆರೆಶಿಬಿರ. ಪ್ರವೇಶ ಉಚಿತ. ಅಲ್ಲಿ ಮೂರು ಗಂಟೆ ಮೌನವಾಗಿ ನಡೆದು ಬಂದ ಮೇಲೆ ನಮ್ಮ ಗುಂಪಿನ ದೊಡ್ಡ ಮಕ್ಕಳು ಆ ಸಂಜೆ ಫೋನ್ ಮುಟ್ಟಲಿಲ್ಲ. ತೀರ ಸಣ್ಣವರನ್ನು ಒಯ್ಯಬೇಡಿ. ಬೇರೆಯವರ, ಅದರಲ್ಲೂ ಮಕ್ಕಳ ಫೋಟೋವನ್ನು ಕೇಳದೆ ತೆಗೆದು ಹಾಕುವುದಕ್ಕೂ ಅಲ್ಲಿ ಕಾನೂನಿನ ಅಡ್ಡಿ ಇದೆ.

ಕಾಯಿಲೆ ಬಿದ್ದರೆ

ತಲೆನೋವಿನ ಮಾತ್ರೆಯೂ ಸೂಪರ್‌ಮಾರ್ಕೆಟಿನಲ್ಲಿ ಸಿಗುವುದಿಲ್ಲ. ಕೆಂಪು "ಎ" ಅಕ್ಷರದ ಅಪೋಟೆಕೆಗೇ ಹೋಗಬೇಕು. ರಾತ್ರಿ, ಭಾನುವಾರ ಸರದಿಯ ಮೇಲೆ ಒಂದು ಅಂಗಡಿ ತೆರೆದಿರುತ್ತದೆ, ಯಾವುದು ಅಂತ ಮುಚ್ಚಿದ ಅಂಗಡಿಯ ಬಾಗಿಲಲ್ಲಿ ಬರೆದಿರುತ್ತಾರೆ. ಆಂಟಿಬಯಾಟಿಕ್ ಚೀಟಿ ಇಲ್ಲದೆ ಕೊಡುವುದಿಲ್ಲ. ದಿನಾ ತಗೊಳ್ಳುವ ಬಿಪಿ, ಶುಗರ್ ಮಾತ್ರೆಯನ್ನು ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇಡಿ. ಪ್ರಾಣಕ್ಕೆ ಅಪಾಯವಾದರೆ 112. ಅಷ್ಟು ತುರ್ತಲ್ಲ, ಆದರೆ ರಾತ್ರಿ ಡಾಕ್ಟರ್ ಬೇಕು ಅಂದರೆ 116117.

ಟ್ಯೂಬಿಂಗನ್‌ಗೆ ಒಂದು ದಿನ

ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಟ್ಯೂಬಿಂಗನ್ ಸಿಗುತ್ತದೆ. ಪ್ರವಾಸಿ ಕಂಪನಿಗಳ ಪಟ್ಟಿಯಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ. ಕನ್ನಡಿಗರು ಮಾತ್ರ ತಪ್ಪಿಸಬಾರದು. ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1843ರಲ್ಲಿ "ಮಂಗಳೂರ ಸಮಾಚಾರ" ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಕೂಡ ಇದೇ ಸೀಮೆಯವರು. ನೆಕಾರ್ ನದಿ ದಂಡೆಯಲ್ಲಿ ಕೂತು ಮಕ್ಕಳಿಗೆ ಇದನ್ನೆಲ್ಲ ಹೇಳಿದಾಗ, "ಹಾಗಾದರೆ ಅವರೂ ನಮ್ಮ ಹಾಗೆ ಬೇರೆ ದೇಶಕ್ಕೆ ಕೆಲಸಕ್ಕೆ ಹೋದವರಾ?" ಅಂತ ಒಬ್ಬಳು ಕೇಳಿದಳು. ಹೋಗಿ, ಅಲ್ಲಿಯವರ ಭಾಷೆಯನ್ನು ಕಲಿತವರು ಅಂತ ಹೇಳಿದೆವು.

ವಾಪಸ್ ಬರುವಾಗ ತೆರಿಗೆ ಬಿಡಬೇಡಿ

ಅಲ್ಲಿ ಬೆಲೆ ಚೀಟಿಯಲ್ಲಿ ಬರೆದಿರುವುದು ತೆರಿಗೆ ಸೇರಿಸಿಯೇ. ಸಾಮಾನ್ಯ ವಸ್ತುಗಳಿಗೆ 19% ವ್ಯಾಟ್. ಯೂರೋಪಿನ ಒಕ್ಕೂಟದ ಹೊರಗೆ ವಾಸಿಸುವವರು 50 ಯೂರೊ ಮೀರಿದ ಖರೀದಿಗೆ ಇದನ್ನು ವಾಪಸ್ ಪಡೆಯಬಹುದು. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಫಾರಂ ಕೇಳಿ. 238 ಯೂರೊದ ಶೂ, ಜಾಕೆಟ್ ಕೊಂಡರೆ ಅದರಲ್ಲಿ 38 ಯೂರೊ ತೆರಿಗೆ. 19% ಅಂತ 238ಕ್ಕೆ ಗುಣಿಸಿ 45 ಬರುತ್ತೆ ಅಂದುಕೊಳ್ಳಬೇಡಿ. ನಡುವಿನವರ ಕಮಿಷನ್ ಕಳೆದು ಕೈಗೆ ಬರುವುದು ಇನ್ನೂ ಕಡಿಮೆ. ಆದರೂ ಬಿಡುವ ದುಡ್ಡಲ್ಲ.

ವಸ್ತು ಬಳಸದೆ ಇರಬೇಕು, ಮತ್ತು ಸೂಟ್‌ಕೇಸ್ ಚೆಕ್-ಇನ್‌ನಲ್ಲಿ ಕೊಟ್ಟುಬಿಡುವ ಮೊದಲು ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಬೇಕು. ಇನ್ನೊಂದು ಯೂರೋಪಿನ ಊರಿನಲ್ಲಿ ವಿಮಾನ ಬದಲಿಸುವವರು ವಸ್ತುವನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರೆ ಒಕ್ಕೂಟದಿಂದ ಹೊರಬೀಳುವ ಕೊನೆಯ ವಿಮಾನ ನಿಲ್ದಾಣದಲ್ಲಿ ಮುದ್ರೆ. ಆ ಸಾಲು ಉದ್ದ ಇರುತ್ತದೆ, ಒಂದು ಗಂಟೆ ಮುಂಚೆಯೇ ಹೋಗಿ.

ಇಷ್ಟು ಓದಿದ ಮೇಲೆ "ಇಷ್ಟೆಲ್ಲ ನಿಯಮ ಇರುವ ದೇಶಕ್ಕೆ ಯಾಕಪ್ಪಾ ಹೋಗಬೇಕು?" ಅನ್ನಿಸಬಹುದು. ನಿಯಮ ತಿಳಿದವನಿಗೆ ಅಲ್ಲಿ ಯಾರ ಹಂಗೂ ಇಲ್ಲ. ಟಿಕೆಟ್ ಇದ್ದರೆ ಡ್ರೈವರನೂ ಮ್ಯಾನೇಜರನೂ ಅದೇ ಸೀಟಿನಲ್ಲಿ ಕೂರುತ್ತಾರೆ, ಪಾರ್ಕಿನ ಬೆಂಚು ಎಲ್ಲರಿಗೂ ಒಂದೇ. ವರ್ಷಗಟ್ಟಲೆ ಬೇರೆಯವರ ಲೆಕ್ಕ, ಬೇರೆಯವರ ಸೈಟು, ಬೇರೆಯವರ ಗಾಡಿ ನೋಡಿಕೊಂಡ ನಮ್ಮವರಿಗೆ ಹತ್ತು ದಿನ ಹಾಗೆ ಓಡಾಡುವುದು ದೊಡ್ಡ ಸಂತೋಷ. ಫೆಬ್ರವರಿಯಲ್ಲೇ ಕಾಗದಪತ್ರ ಜೋಡಿಸಲು ಶುರು ಮಾಡಿ. ವೀಸಾ ಫಾರಂ, ಸ್ಟೇಟ್‌ಮೆಂಟ್ ನೋಡಿಕೊಡಬೇಕು ಅಂತಿದ್ದರೆ ತಿಂಗಳ ಸಭೆಗೆ ಬರುವಾಗ ಜೊತೆಗೆ ತನ್ನಿ, ಕೂತು ನೋಡೋಣ.